ಮುಳ್ಳೂರು ಕಡವಿನ ಪ್ರೊಪೆಲರ್

ಮುಳ್ಳೂರು
೮-೧೨-೧೯೮೫

ತಮ್ಮ ಕುಮಾರಸ್ವಾಮಿಗೆ ಅಕ್ಕನ ಆಶೀರ್ವಾದ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ನಿನ್ನ ಭಾವನ ಬಲಭುಜ ಒಂದನ್ನು ಬಿಟ್ಟು. ದೀಪಾವಳಿ ಹೊತ್ತಿಗೆ ಹಿಡಿದುಕೊಂಡ ನೋವು ಇನ್ನೂ ಬಿಟ್ಟಿಲ್ಲ. ಕೊಳ್ಳೇಗಾಲದ ಡಾಕ್ಟರು ಇನ್ನು ಮೇಲೆ ಗಳ ಊರಿ ದೋಣಿ ತಳ್ಳಬಾರದು ಎಂದು ಖಂಡಿತವಾಗಿ ಹೇಳಿದ್ದಾರೆ. ಅದೆಲ್ಲ ಕೋಣನ ಮುಂದೆ ಕಿನ್ನರಿ. ಮಾರನೆಯ ದಿನವೇ ದೋಣಿಗೆ ಹೋಗಿ ನಡುನೀರಿನಲ್ಲಿ ಕೈ ಎತ್ತಲಾರದೆ ನಿಂತರು. ದೋಣಿ ಅಷ್ಟು ದೂರ ತೇಲಿಹೋಗಿ ಕಬ್ಬಿನ ಗದ್ದೆಯ ಹತ್ತಿರ ದಡ ಸೇರಿತು. ಅದರಲ್ಲಿ ಕೂತಿದ್ದವರು ಅವತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದರು.

ದಾಸನಪುರದಿಂದ ಒಬ್ಬ ಆಳು ಬರುತ್ತಾನೆ. ಇವತ್ತು ಬಂದರೆ ನಾಳೆ ಇಲ್ಲ. ಯುಗಾದಿ ಕಳೆದ ಮೇಲೆ ದೋಣಿ ದಾಟಿಸುವ ಕಡವಿನ ಹರಾಜು ಆಗುತ್ತದೆ. ದೋಣಿ ನಡೆಸುವ ಗಂಡಾಳಿಲ್ಲದ ಮನೆಗೆ ಕಡವು ಯಾಕೆ ಎಂದು ಈಗಲೇ ಗುಸುಗುಸು ಶುರುವಾಗಿದೆ. ನಿನ್ನ ಭಾವನಿಗೆ ಹೊಳೆ ಬಿಟ್ಟರೆ ಬೇರೆ ಜಾಗ ಗೊತ್ತಿಲ್ಲ. ಮನೆಯಲ್ಲಿ ಕೂತು ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು, ಕಮ್ಮಿಯಾಯಿತು ಎಂದು ಹೇಳಲು ಶುರುಮಾಡಿದ್ದಾರೆ. ಕಡವು ಹೋದರೆ ಅವರು ಸೊರಗಿಹೋಗುತ್ತಾರೆ, ಅವರ ಜೊತೆ ನಾನೂ.

ನೀನು ಕೆಲಸ ಮಾಡುವ ಕಂಪನಿಯಲ್ಲಿ ದೋಣಿಯನ್ನು ತಾನೇ ಓಡಿಸುವ ಯಂತ್ರ ಮಾಡುತ್ತಾರೆ ಎಂದು ನೀನೇ ಹೇಳಿದ್ದೆ. ನಮ್ಮ ಹೊಳೆಗೆ ಅದು ಆದೀತೇ? ವಿಚಾರಿಸಿ ಬರೆ.

ಶಂಕರಮ್ಮ


ಮಂಗಳೂರು
೬-೧-೧೯೮೬

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ತಲುಪಿತು. ಉತ್ತರ ತಡವಾದುದಕ್ಕೆ ಕಾರಣವಿದೆ. ಈ ವರ್ಷ ನಮ್ಮ ವಾಮನ್ ಮೆರೈನ್ ವರ್ಕ್ಸ್‌ಗೆ ಇಪ್ಪತ್ತೈದು ತುಂಬುತ್ತದೆ. ಕಂಪನಿಯ ಚರಿತ್ರೆ ಮತ್ತು ತಯಾರಿಕೆಗಳ ಬಗ್ಗೆ ಒಂದು ಪುಸ್ತಕ ಬರೆಯುವ ಕೆಲಸ ನನಗೆ ಬಿದ್ದಿದೆ. ನಾನು ಇಲ್ಲಿ ಯಂತ್ರ ಮಾಡುವವನಲ್ಲ, ಯಂತ್ರದ ಬಗ್ಗೆ ಬರೆಯುವವನು ಎಂಬುದು ನಿನಗೆ ನೆನಪಿರಲಿ.

ಬರೆಯುತ್ತ ಹೋದ ಹಾಗೆ ನನಗೇ ಗೊತ್ತಿಲ್ಲದ ಸಂಗತಿಗಳು ಸಿಗುತ್ತಿವೆ. ಕಂಪನಿ ಹುಟ್ಟಿದ್ದು ಹಳೇ ಬಂದರಿನ ಒಂದು ಸೋಗೆಯ ಚಪ್ಪರದಲ್ಲಿ. ವಾಮನ ಮೇಸ್ತ್ರಿ ಎಂಬವರು ದೋಣಿಗಳಿಗೆ ಮೊಳೆ, ಲಂಗರು ಬಡಿದು ಕೊಡುತ್ತಿದ್ದ ಕಮ್ಮಾರ. ಹಾಯಿ ಕಟ್ಟುತ್ತಿದ್ದ ದೋಣಿಗಳಿಗೆ ಎಂಜಿನ್ ಬಂದ ಕಾಲ ಅದು. ನೀರಿನ ಕೆಳಗೆ ತಿರುಗಿ ದೋಣಿಯನ್ನು ಮುಂದಕ್ಕೆ ನೂಕುವ ಪ್ರೊಪೆಲರ್‌ಗಳು ಆಗ ಹೊರಗಿನಿಂದ ಬರುತ್ತಿದ್ದವು. ಬಂಡೆಗೆ ತಾಗಿ ಎಸಳು ಮುರಿದರೆ ದೋಣಿ ತಿಂಗಳುಗಟ್ಟಲೆ ದಡದಲ್ಲಿ. ಮೇಸ್ತ್ರಿ ಮುರಿದ ಎಸಳಿಗೆ ಹಿತ್ತಾಳೆ ಬೆಸೆದು ಕೊಡತೊಡಗಿದರು. ಆಮೇಲೆ, ಇನ್ನೊಬ್ಬರು ಮಾಡಿದ್ದಕ್ಕೆ ತೇಪೆ ಹಾಕುವುದು ಯಾಕೆ ಎಂದು ತಾವೇ ಎರಕ ಹೊಯ್ದರು. ಮೊದಲನೆಯದು ಒಂದು ಕಡೆ ಭಾರವಾಗಿ ಇಡೀ ದೋಣಿ ನಡುಗಿತಂತೆ. ಈಗ ಮಗ ಯಜಮಾನರು. ಪ್ರೊಪೆಲರ್, ಅದನ್ನು ತಿರುಗಿಸುವ ಉದ್ದನೆಯ ಶಾಫ್ಟ್, ಚುಕ್ಕಾಣಿ ಎಲ್ಲ ಇಲ್ಲೇ ಆಗುತ್ತವೆ. ಮಲ್ಪೆಯಿಂದ ಕಾರವಾರದವರೆಗೆ ನಮ್ಮ ಸರಕು ಹೋಗುತ್ತದೆ.

ಕಳೆದ ವರ್ಷದಿಂದ ದೋಣಿಯ ಹಿಂಬದಿಗೆ ತಗುಲಿಹಾಕುವ ಸೀಮೆಎಣ್ಣೆ ಯಂತ್ರವನ್ನೂ ಮಾಡುತ್ತಿದ್ದಾರೆ. ಎಂಜಿನ್ ಹೊರಗಿನದು, ಕೆಳಗಿನ ಭಾಗವೆಲ್ಲ ನಮ್ಮದು. ಅದು ಸಮುದ್ರದ್ದು. ನದಿಯಲ್ಲಿ ಮರಳು, ಬಂಡೆ, ಕಮ್ಮಿ ನೀರು. ಎಸಳು ಅಗಲವಾಗಿ, ಗಿಡ್ಡವಾಗಿ ಬೇರೆಯೇ ಆಗಬೇಕು. ಯಜಮಾನರಿಗೆ ನಿನ್ನ ಕಡವಿನ ವಿಷಯ ಹೇಳಿದೆ. ನದಿಗೆಂದು ಒಂದು ಮಾದರಿ ಎರಕ ಹೊಯ್ದು ವರ್ಷದ ಮಟ್ಟಿಗೆ ನಿಮಗೆ ಪರೀಕ್ಷೆಗೆ ಕೊಡಲು ಒಪ್ಪಿದ್ದಾರೆ. ಚೆನ್ನಾಗಿ ಓಡಿದರೆ ಅದರ ಚಿತ್ರ ಪುಸ್ತಕದಲ್ಲಿ ಬರುತ್ತದೆ. ಭಾವ ಎಡಗೈಯಲ್ಲೇ ನಡೆಸಬಹುದು.

ಹೊಳೆಯ ಆಳ ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು ಎಂದು ಭಾವನನ್ನು ಕೇಳಿ ಬರೆ.

ಕುಮಾರಸ್ವಾಮಿ


ಮುಳ್ಳೂರು
೧೨-೨-೧೯೮೬

ಚಿರಂಜೀವಿ ಕುಮಾರನಿಗೆ ಆಶೀರ್ವಾದ.

ಹೊಳೆಯ ಆಳ ಕೇಳಿದೆಯಲ್ಲ, ನಿನ್ನ ಭಾವ ಹೇಳಿದ್ದನ್ನು ರೂಪ ಬೇರೆ ಹಾಳೆಯಲ್ಲಿ ಬರೆದಿದ್ದಾಳೆ. ಮಗಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. "ಆಳ ಯೇಳ್ಬೌದು, ಹೊಳೆ ಬುದ್ಧಿ ಯೆಂಗೆ ಯೇಳಾದು?" ಎಂದರು. ಅದನ್ನು ಬರೆಯಬೇಡ ಎಂದೆ, ಆದರೂ ಬರೆದಿದ್ದಾಳೆ.

ಯಂತ್ರ ಬರುತ್ತದೆ ಎಂದ ಮೇಲೆ ಊರಿನಲ್ಲಿ ಅದೇ ಮಾತು. ನಮ್ಮ ತವರು ಹೊನ್ನೂರಿನಲ್ಲಿ ಗುಡಿಗೆ ಗಂಟೆ ಹೊಯ್ದದ್ದು ನಿನಗೆ ನೆನಪಿರಲಾರದು, ನೀನಿನ್ನೂ ಅವ್ವನ ಸೊಂಟದ ಮೇಲಿದ್ದೆ. ಲೋಹ ಕರಗಿದ ಹೊತ್ತಿಗೆ ಮನೆಮನೆಯವರೂ ಬಂದು ಕೈಲಾದ ಚೂರು ಹಾಕಿದರು. ಅವ್ವ ಸವೆದ ಕಾಲುಂಗುರ ಹಾಕಿದಳು. ಎಲ್ಲರದೂ ಬಿದ್ದರೆ ಗಂಟೆ ಎಲ್ಲರದೂ ಆಗುತ್ತದೆ, ಯಾರ ಮೇಲೂ ಮುನಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಈ ಯಂತ್ರದ ಫ್ಯಾನೂ ಎರಕದ್ದೇ ಅಂದೆಯಲ್ಲ. ಅದು ಇಳಿಯುವುದು ಕಾವೇರಿಗೆ. ನಾಳೆ ಅದರ ಮೇಲೆ ಇಷ್ಟು ಜನರ ಜೀವ. ಕಡವು ದಾಟುವ ಮನೆಗಳಿಂದೆಲ್ಲ ಒಂದೊಂದು ಚೂರು ತಂದು ಗಂಟು ಕಟ್ಟಿದ್ದೇವೆ. ಹಿತ್ತಾಳೆ, ಕಂಚು, ತಾಮ್ರ, ಏನಿದ್ದರೆ ಅದು. ರೇಷ್ಮೆಗೂಡಿನ ವ್ಯಾಪಾರದ ಕೆಂಚಯ್ಯ ಕೂಡ ಗಿಂಡಿಯ ಮುರಿದ ಮೂತಿ ಕೊಟ್ಟ. ಅವನು ಕೊಡುವುದೆಂದರೆ ಸಾಮಾನ್ಯವೇ? ಧರ್ಮಸ್ಥಳಕ್ಕೆ ಹೊರಟ ಜಡೇಸ್ವಾಮಿಯ ಕೈಯಲ್ಲಿ ಗಂಟು ಕಳಿಸಿದ್ದೇನೆ. ಎರಕ ಹೊಯ್ಯುವಾಗ ನೀನೇ ನಿಂತು, ಕೈಮುಗಿದು, ಒಳಗೆ ಹಾಕಬೇಕು. ಮರೆಯಬೇಡ.

ಶಂಕರಮ್ಮ


ಮಂಗಳೂರು
೧೭-೩-೧೯೮೬

ಅಕ್ಕನಿಗೆ ನಮಸ್ಕಾರ.

ಜಡೇಸ್ವಾಮಿ ಬಂದಿದ್ದ. ಗಂಟು ಮುಟ್ಟಿಸಿದ. ಊಟ ಮಾಡಿಕೊಂಡು ಹೋಗು ಎಂದರೆ ನಿಲ್ಲಲಿಲ್ಲ.

ಮೊನ್ನೆ ನಿಮ್ಮ ಎರಕ ಆಯಿತು. ಪುಸ್ತಕಕ್ಕೆ ಬೇಕೆಂದು ನಾನೂ ನಿಂತು ನೋಡಿದೆ. ಮೊದಲು ಮರದಲ್ಲಿ ಎಸಳಿನ ಅಚ್ಚು ಕೆತ್ತುತ್ತಾರೆ. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಖಾಲಿ ಜಾಗಕ್ಕೆ ಲೋಹ. ಗಂಟೆಗೆ ಬೇಕಾದ ಲೋಹ ಬೇರೆ, ಇದಕ್ಕೆ ಬೇಕಾದುದು ಬೇರೆ. ಗಂಟೆ ನಾದ ಕೊಡಬೇಕು, ಬಿದ್ದರೆ ಒಡೆಯುತ್ತದೆ. ಪ್ರೊಪೆಲರ್‌ಗೆ ನಾದ ಬೇಡ, ಬಂಡೆಗೆ ತಾಗಿದರೆ ಬಾಗಬೇಕು, ಒಡೆಯಬಾರದು. ಅದಕ್ಕಾಗಿ ತಾಮ್ರ, ಸತು ಮತ್ತು ಇನ್ನೂ ಕೆಲವನ್ನು ತೂಗಿ ಹಾಕುತ್ತಾರೆ. ಎರಕದ ಮನೆಯ ಹಿರಿಯ ಶೀನಪ್ಪಣ್ಣ ಆ ಹೊತ್ತಿನಲ್ಲಿ ಯಾರನ್ನೂ ಹತ್ತಿರ ಬಿಡುವುದಿಲ್ಲ. ಯಜಮಾನರೇ ದೂರ ನಿಂತಿದ್ದರು. ಲೋಹ ಅಚ್ಚಿಗೆ ಇಳಿಯುವಾಗ ಹಸಿರು ಬೆಳಕು, ಬಿಳಿಯ ಹೊಗೆ. ನೋಡಲು ಚೆನ್ನಾಗಿತ್ತು.

ತಣ್ಣಗಾದ ಮೇಲೆ ಮರಳು ಒಡೆದು ತೆಗೆದು, ಅರದಿಂದ ಉಜ್ಜಿ, ಒಂದು ಕಂಬಿಗೆ ಪೋಣಿಸಿ ಯಾವ ಎಸಳು ಭಾರ ಎಂದು ನೋಡುತ್ತಾರೆ. ನಿಮ್ಮದು ಎಲ್ಲೂ ವಾಲದೆ ನಿಂತಿತು. ಮುಂದಿನ ವಾರ ನಮ್ಮ ಮೆಕ್ಯಾನಿಕ್ ಲಾರಿಯಲ್ಲಿ ಯಂತ್ರ ತಂದು ಕೂರಿಸಿ, ಭಾವನಿಗೆ ನಡೆಸಲು ಕಲಿಸಿ ಬರುತ್ತಾನೆ. ಅವನು ಮೀನು ತಿನ್ನುವವನು, ನಿಮ್ಮ ಮನೆಯ ಮೀನಿಲ್ಲದ ಊಟದಲ್ಲಿ ಸುಧಾರಿಸಿಕೊಳ್ಳುತ್ತಾನೆ.

ಕುಮಾರಸ್ವಾಮಿ


ಮುಳ್ಳೂರು
೨೮-೪-೧೯೮೬

ಚಿರಂಜೀವಿ ಕುಮಾರನಿಗೆ ಆಶೀರ್ವಾದ.

ಕಡವು ನಮಗೇ ಉಳಿಯಿತು. ಯಂತ್ರ ನೋಡಿದ ಮೇಲೆ ಹರಾಜಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಿನ್ನ ಭಾವ ಈಗ ಹಿಂದೆ ಕೂತು ಎಡಗೈಯಲ್ಲಿ ಹಿಡಿ ತಿರುಗಿಸುತ್ತ ಮದುವೆಗಂಡಿನ ಹಾಗೆ ಬರುತ್ತಾರೆ. ಸಾಸಿವೆಯ ಮಾತು ನಿಂತಿದೆ. ಆಚೆ ದಡದ ರೇಷ್ಮೆಗೂಡು ತುಂಬಿದ ಮಂಕರಿ ಬುಟ್ಟಿಗಳು ಬಿಸಿಲೇರುವ ಮೊದಲೇ ಕೊಳ್ಳೇಗಾಲದ ಮಾರುಕಟ್ಟೆ ಸೇರುತ್ತವೆ. ನಮ್ಮ ಕೂಲಿ ಹೆಂಗಸರು ಆಚೆ ದಡದ ಹಿಪ್ಪುನೇರಳೆ ತೋಟಗಳಿಗೆ ಸೊಪ್ಪು ಕೊಯ್ಯಲು ಹೋಗಿ ಹೊತ್ತಿರುವಾಗಲೇ ಮನೆಗೆ ಬರುತ್ತಾರೆ.

ಗಂಟನ್ನು ಎರಕಕ್ಕೆ ಹಾಕಿದ ವಿಷಯ ನೀನು ಬರೆಯಲಿಲ್ಲ. ಆಫೀಸಿನಲ್ಲಿ ಕೂತು ಅಂಥದ್ದೆಲ್ಲ ಬರೆಯಲು ಸಂಕೋಚ, ನನಗೆ ಅರ್ಥವಾಯಿತು. ಎಲ್ಲರದೂ ಬಿತ್ತು ಎಂದು ಊರಿಗೆ ಹೇಳಿದ್ದೇನೆ. ಹೆಂಗಸರು ಫ್ಯಾನಿಗೆ ಅರಿಶಿನ ಹಚ್ಚಿ, ಇದರಲ್ಲಿ ನಂದೂ ಅದೆ, ನಂದೂ ಅದೆ ಎಂದು ಮುಟ್ಟಿ ಮುಟ್ಟಿ ನೋಡಿದರು. ನಿನ್ನನ್ನು ಎಲ್ಲರೂ ಹರಸಿದರು.

ಶಂಕರಮ್ಮ


ಮಂಗಳೂರು
೫-೬-೧೯೮೬

ಅಕ್ಕನಿಗೆ ನಮಸ್ಕಾರ.

ಕಡವು ಉಳಿದದ್ದು ತಿಳಿದು ಸಂತೋಷ. ಭಾವ ಯಂತ್ರದ ಜೊತೆ ಕೂತಿರುವ ಒಂದು ಫೋಟೋ ಬೇಕು. ಕೊಳ್ಳೇಗಾಲದ ಸ್ಟುಡಿಯೋದವರನ್ನು ಕರೆಸಿ ತೆಗೆಸು. ಪ್ರೊಪೆಲರ್ ನೀರಿನಿಂದ ಮೇಲಿರಬೇಕು, ಎಸಳು ಮೂರೂ ಕಾಣಬೇಕು. ಅರಿಶಿನ ತೊಳೆದು ತೆಗೆಸಿದರೆ ಒಳ್ಳೆಯದು. ಪುಸ್ತಕದಲ್ಲಿ 'ನದಿಗೂ ವಾಮನ್' ಎಂದು ಒಂದು ಪುಟ ಇಟ್ಟಿದ್ದೇನೆ.

ಇಲ್ಲಿ ಮಳೆ ಹಿಡಿದಿದೆ. ಬೇರೆ ವಿಶೇಷವೇನೂ ಇಲ್ಲ.

ಕುಮಾರಸ್ವಾಮಿ


ಮುಳ್ಳೂರು
೧೮-೮-೧೯೮೬

ಕುಮಾರನಿಗೆ,

ಫ್ಯಾನು ಮುರಿಯಿತು. ಜೀವ ಯಾರದೂ ಹೋಗಲಿಲ್ಲ, ಅದನ್ನು ಮೊದಲು ಬರೆದುಬಿಡುತ್ತೇನೆ.

ಕಬಿನಿ ಕಟ್ಟೆಯಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಾಗಿತ್ತು, ಆದರೂ ದಾಟುವಷ್ಟಿತ್ತು. ನಡುವೆ ಹೋದಾಗ ಕೆಳಗೆ ಏನೋ ಕಳಚಿದ ಹಾಗಾಗಿ ಯಂತ್ರ ಬೊಬ್ಬೆ ಹೊಡೆಯಿತು, ದೋಣಿ ಮುಂದೆ ಹೋಗಲಿಲ್ಲ. ನೀರು ತಿರುಗಿಸಿಕೊಂಡು ಕೆಳಕ್ಕೆ ಒಯ್ದಿತು. ನಾನು ದಡದಲ್ಲಿ ನಿಂತು ಕಿರುಚುತ್ತಿದ್ದೆ. ನಿನ್ನ ಭಾವ ಆ ಕೆಟ್ಟ ಭುಜದಲ್ಲೇ ಒಂದು ಹೊಂಗೆ ಕೊಂಬೆ ಹಿಡಿದು ನಿಲ್ಲಿಸಿದರು. ದಾಸನಪುರದವರು ಹರಿಗೋಲು ತಂದು ಎಲ್ಲರನ್ನೂ ಇಳಿಸಿದರು. ಕೆಂಚಯ್ಯನ ಗೂಡಿನ ಮಂಕರಿಗಳು ಹೊಳೆಪಾಲಾದವು. ಯಂತ್ರ ಎತ್ತಿ ನೋಡಿದರೆ ಒಂದು ಎಸಳು ಬುಡದಿಂದಲೇ ಇಲ್ಲ.

ಈಗ ಬರೆಯುವುದು ಇನ್ನೊಂದು ವಿಷಯ. ಊರಂಚಿನ ಮನೆಯ ಚಿಕ್ಕನಿಂಗಮ್ಮ ನಿನಗೆ ಗೊತ್ತು, ಗಂಡ ಇಲ್ಲ, ಸೊಪ್ಪು ಕೊಯ್ಯುವ ಕೂಲಿ. ಒಬ್ಬಳೇ ಮಗಳಿದ್ದಳು, ಚಿಕ್ಕಂದಿನಲ್ಲೇ ಜ್ವರ ಬಂದು ಹೋದಳು. ಗಂಟಿಗೆ ಎಲ್ಲರೂ ಕೊಡುವಾಗ ಅವಳ ಮನೆಯಲ್ಲಿ ಲೋಹವೆಂದು ಬೇರೆ ಏನೂ ಇಲ್ಲದೆ ಆ ಮಗಳ ಕಾಲಿನ ಒಂದು ಕಂಚಿನ ಗೆಜ್ಜೆ ತಂದು ಕೊಟ್ಟಿದ್ದಳು. ಈಗ ಕೆಂಚಯ್ಯ, "ಸತ್ತ ಮಗೀನ ಗೆಜ್ಜೆ ಕಣ್ಲಾ! ಅದ್ನ ಆಕುದ್ರೆ ಉಳೀತದಾ? ಅದೇ ಮುರ್ದದ್ದು" ಎಂದು ಕಡವಿನಲ್ಲಿ ನಿಂತು ಕೂಗಿದ. ಊರು ಹೌದೆಂದಿತು. ಅವಳು ಹತ್ತಿದರೆ ನಾವು ಹತ್ತುವುದಿಲ್ಲ ಎನ್ನುತ್ತಾರೆ. ಯಂತ್ರವಿಲ್ಲ, ಆಳು ಮತ್ತೆ ಗಳ ಹಿಡಿದಿದ್ದಾನೆ, ಈಗ ಜನವೂ ಹೋದರೆ ಕಡವು ಮುಚ್ಚಿದಂತೆ. ಕೊಂಚ ದಿನ ದೋಣಿಗೆ ಬರಬೇಡ ಎಂದು ನಾನೇ ಅವಳಿಗೆ ಹೇಳಿದೆ. ಆಯಿತು ಎಂದು ಹೋದಳು. ಅಂದಿನಿಂದ ಕೂಲಿಯಿಲ್ಲ. ರೂಪ ಹಿಟ್ಟು ಕೊಂಡುಹೋಗಿ ಕೊಟ್ಟರೆ ಬೇಡವೆಂದಳಂತೆ.

ಮುರಿದ ಫ್ಯಾನನ್ನು ನಿಮ್ಮ ಮೆಕ್ಯಾನಿಕ್ ಬಂದು ತೆಗೆದುಕೊಂಡು ಹೋದ. ನಿಜವಾಗಿ ಆ ಗೆಜ್ಜೆಯಿಂದಲೇ ಮುರಿಯಿತೇ? ನೀನು ಓದಿದವನು, ಹೇಳು.

ಶಂಕರಮ್ಮ


ಮಂಗಳೂರು
೨೨-೯-೧೯೮೬

ಅಕ್ಕನಿಗೆ,

ಗೆಜ್ಜೆಯಿಂದ ಮುರಿಯಲಿಲ್ಲ. ಗೆಜ್ಜೆ ಅದರಲ್ಲಿ ಇರಲೇ ಇಲ್ಲ. ಯಾರದೂ ಇರಲಿಲ್ಲ. ನಾನು ಗಂಟನ್ನು ಹಾಕಲಿಲ್ಲ.

ಹಾಕಿದ್ದರೆ ಲೋಹ ಖಂಡಿತ ಕೆಡುತ್ತಿತ್ತು. ಕಂಚಿನ ಚೂರಿನಲ್ಲಿ ತವರ ಇರುತ್ತದೆ, ಹಳೆಯ ಪಾತ್ರೆಯ ಬೆಸುಗೆಯಲ್ಲಿ ಸೀಸ ಇರುತ್ತದೆ, ಬಾಗಬೇಕಾದ ಎಸಳು ಗಾಜಿನಂತಾಗುತ್ತದೆ. ಹಾಕದೆ ಇದ್ದದ್ದು ಸರಿ. ಹಾಕಲಿಲ್ಲ ಎಂದು ನಿನಗೆ ಬರೆಯದೆ ಇದ್ದದ್ದು ತಪ್ಪು. ನಿನ್ನೊಡನೆ ವಾದ ಯಾಕೆ ಎಂದು ಸುಮ್ಮನಾದೆ. ಎಲ್ಲರದೂ ಬಿತ್ತು ಎಂದು ನೀನೇ ಬರೆದಾಗ ಇನ್ನೂ ಸುಲಭವಾಯಿತು, ಫೋಟೋ ಕೇಳಿ ಬರೆದೆ. ನಿನ್ನ ಆಗಸ್ಟಿನ ಕಾಗದ ಬಂದ ಮೇಲೂ ತಿಂಗಳು ಕಳೆದೆ. ನನಗೆ ನಾಚಿಕೆಯಾಗಿದೆ.

ಮುರಿದದ್ದು ಯಾಕೆ ಎಂದರೆ, ಇಲ್ಲಿ ಅದನ್ನು ಕೊಯ್ದು ನೋಡಿದರು. ಎಸಳಿನ ಬುಡದಲ್ಲಿ ಒಂದು ಗಾಳಿಗುಳ್ಳೆ. ಅಚ್ಚಿನ ಮರಳು ಸರಿಯಾಗಿ ಒಣಗದಿದ್ದರೆ ಹಾಗಾಗುತ್ತದೆ. ಹೊರಗಿನಿಂದ ಕಾಣುವುದಿಲ್ಲ, ತೂಕ ನೋಡಿದಾಗಲೂ ತಿಳಿಯುವುದಿಲ್ಲ. ತಪ್ಪು ಪೂರ್ತಿ ನಮ್ಮದೇ. ಶೀನಪ್ಪಣ್ಣ ಅದನ್ನು ನೋಡಿ ಆ ದಿನ ಊಟ ಮಾಡಲಿಲ್ಲ. ಯಜಮಾನರು ಮಾತ್ರ ನನ್ನನ್ನು ಕರೆದು, "ಬಂಡೆಗೆ ಬಡಿದು ತುಂಡಾಯ್ತು ಅಂತ ಬರೀರಿ ಮಾರಾಯ್ರೆ. ಬರುವ ತಿಂಗಳು ಸಮಾರಂಭ, ನಮ್ಮ ಎರಕದ ಮಾತು ಈಗ ಯಾಕೆ?" ಎಂದರು. ಪುಸ್ತಕದಿಂದ ನದಿಯ ಪುಟವನ್ನೇ ತೆಗೆದುಬಿಟ್ಟೆ. ಅವರಿಗೆ ಇಷ್ಟವಾಗಲಿಲ್ಲ. ಈ ಕಾಗದ ಆಫೀಸಿನದಲ್ಲ, ನನ್ನದು. ಯಾರಿಗೆ ಬೇಕಾದರೂ ಓದಿ ಹೇಳು.

ಗಂಟನ್ನು ಪಾರ್ಸೆಲ್ ಮಾಡಿದ್ದೇನೆ. ಯಾವ ಚೂರೂ ಹೋಗಿಲ್ಲ. ಹೊಸ ಪ್ರೊಪೆಲರ್ ಎರಕ ಹೊಯ್ಯಲು ಶೀನಪ್ಪಣ್ಣ ತಾವಾಗಿಯೇ ಯಜಮಾನರ ಒಪ್ಪಿಗೆ ತೆಗೆದುಕೊಂಡಿದ್ದಾರೆ.

ಕುಮಾರಸ್ವಾಮಿ


ಮುಳ್ಳೂರು
೧೪-೧೦-೧೯೮೬

ಕುಮಾರನಿಗೆ,

ನಿನ್ನ ಮೇಲೆ ಇಷ್ಟು ಕೋಪ ನನಗೆ ಯಾವತ್ತೂ ಬಂದಿರಲಿಲ್ಲ. ವಾದ ಯಾಕೆ ಎಂದು ಸುಮ್ಮನಾದೆಯಂತೆ! ನೀನು ಹಾಕುವುದಿಲ್ಲ ಎಂದಿದ್ದರೆ ನಾನು ಎರಡು ದಿನ ಬೈದು ಮರೆಯುತ್ತಿದ್ದೆ. ನಿನ್ನ ಕಾಗದವನ್ನು ಮೂಲೆಗೆ ಎಸೆದು, ಮತ್ತೆ ಎತ್ತಿಕೊಂಡು ಕಡವಿಗೆ ಹೋದೆ.

ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ಹೊರಟವರೆಲ್ಲ ದೋಣಿಯಲ್ಲಿ ಆಚೆ ದಡದಿಂದ ಬಂದಿಳಿದಿದ್ದರು, ನಮ್ಮೂರಿನವರು ಆಚೆಗೆ ಹೋಗಲು ಕಾದಿದ್ದರು. ಎಲ್ಲರ ಮುಂದೆ ಕಾಗದ ಓದಿ, ಗಂಟು ಬಿಚ್ಚಿ ಹರಡಿದೆ. ಮೊದಲು ಯಾರೂ ಮುಟ್ಟಲಿಲ್ಲ. ಆಮೇಲೆ ಒಬ್ಬೊಬ್ಬರೇ ತಮ್ಮ ಚೂರು ಆರಿಸಿಕೊಂಡರು. ಕೆಂಚಯ್ಯ ಗಿಂಡಿಯ ಮೂತಿಯನ್ನು ತಿರುಗಿಸಿ ನೋಡಿ ಏನೆಂದ ಗೊತ್ತೇ? "ಅದ್ಕೇ ಕಣಕ್ಕ ಮುರ್ದದ್ದು! ನಮ್ಮೂರ ಲೋಹ ಬಿದ್ದೇ ಇಲ್ವಲ್ಲ!" ಎಂದ. ಊರು ಅದಕ್ಕೂ ಹೌದೆಂದಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗೆಜ್ಜೆ ಮಾತ್ರ ಬಟ್ಟೆಯ ಮೇಲೆ ಉಳಿದಿತ್ತು. ಅದನ್ನು ನೋಡುತ್ತಿದ್ದ ಹಾಗೆ ನನಗೆ ತಡೆಯಲಾಗಲಿಲ್ಲ. ಬರಬೇಡ ಎಂದ ಬಾಯಿ ನನ್ನದೇ ತಾನೇ. ಹಗ್ಗವನ್ನು ಗೂಟಕ್ಕೆ ಬಿಗಿದು, "ಚಿಕ್ಕನಿಂಗಮ್ಮ ಬಂದು ಕುಂತ್ಕಳೋಗಂಟ ದೋಣಿ ಆಚೀಗೂ ಇಲ್ಲ, ಈಚೀಗೂ ಇಲ್ಲ. ಕೆಂಚಯ್ಯ, ನೀನೇ ಓಗಿ ಕರ್ಕಂಡು ಬಾ" ಎಂದೆ. ಆಚೆ ದಡದಲ್ಲಿ ಅವನ ಮಂಕರಿಗಳು ಬಿಸಿಲಲ್ಲಿ ಕೂತಿದ್ದವು. ಇಲ್ಲದಿದ್ದರೆ ಹೋಗುವ ಗಿರಾಕಿಯಲ್ಲ. ನಿನ್ನ ಭಾವ ಬೀಡಿ ಹಚ್ಚಿಕೊಂಡು ನನ್ನ ಪಕ್ಕದಲ್ಲಿ ಕೂತರು.

ಕೆಂಚಯ್ಯ ಒಬ್ಬನೇ ವಾಪಸು ಬಂದ. "ಮುದ್ದೆ ಉಣ್ತಾವ್ಳೆ. ಉಂಡ್ಕಂಡು ಬತ್ತಾಳಂತೆ" ಎಂದ. ಎಲ್ಲರೂ ಕಾದೆವು. ಉಂಡು, ತಟ್ಟೆ ತೊಳೆದಿಟ್ಟು, ಬಾಗಿಲು ಎಳೆದುಕೊಂಡು ನಿಧಾನವಾಗಿ ಬಂದಳು. ಗೆಜ್ಜೆ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಮುಂದಿನ ಹಲಗೆಯ ಮೇಲೆ ಹೋಗಿ ಕೂತಳು. ನನ್ನ ಮುಖ ನೋಡಲಿಲ್ಲ.

ಈ ಕಾಗದದ ಜೊತೆ ಇನ್ನೊಂದಿದೆ. ನಿನ್ನೆ ಸಂಜೆ ಅವಳೇ ಮನೆಗೆ ಬಂದು ರೂಪಳ ಕೈಯಲ್ಲಿ ಬರೆಸಿದ್ದು. ನನ್ನನ್ನು ಹೊರಗೆ ಹೋಗು ಎಂದಳು. ನಾನು ಓದಿಲ್ಲ.

ಶಂಕರಮ್ಮ


ಮುಳ್ಳೂರು
೧೩-೧೦-೧೯೮೬

ಮಾವ, ಚಿಕ್ಕನಿಂಗಮ್ಮಜ್ಜಿ ಹೇಳಿದ ಹಾಗೇ ಬರೆದಿದ್ದೇನೆ, ತಿದ್ದಿಲ್ಲ. ರೂಪ.

ಕುಮಾರಸ್ವಾಮಪ್ನೋರ್ಗೆ ಚಿಕ್ಕನಿಂಗಮ್ಮ ಯೇಳಾದು.

ಗಂಟು ಬತ್ತು. ನಿಮ್ ಮ್ಯಾಲೆ ಊರೋರ್ಗೆಲ್ಲ ಸಿಟ್ಟು. ನಿಮ್ಮಕ್ಕಂಗೂ ಸಿಟ್ಟು. ನಂಗಿಲ್ಲ. ಅದ್ನ ಯೇಳವ ಅಂತ್ಲೇ ಬಂದೆ.

ದೋಣಿ ಹತ್ತಬ್ಯಾಡ ಅಂತ ನಿಮ್ಮಕ್ಕ ಅಂದದ್ಕೆ ನಾ ಮನೇಲಿ ಕುಂತ್ಕಂಡೆ ಅಂತ ಎಲ್ರೂ ಅಂದ್ಕಂಡವ್ರೆ. ಅಂಗಲ್ಲ. ಅವ್ರು ಬ್ಯಾಡ ಅನ್ನೋಕ್ ಮುಂಚೇನೆ ನಾ ಹತ್ತಾದಿಲ್ಲ ಅಂತ ಮಾಡ್ಕಂಡಿದ್ದೆ. ಫ್ಯಾನು ಮುರ್ದಾಗ ನಾನೂ ಒಳ್ಗೇ ಇದ್ದೆ. ನೀರು ತಿರುಗ್ಸಿ ತಿರುಗ್ಸಿ ಒಯ್ತಿದ್ರೆ ಎಲ್ರೂ ಮಾದಪ್ಪಾ ಅಂತ ಕೂಗ್ತಿದ್ರು. ನಾನು ನನ್ ಮಗಳ ಎಸ್ರು ಕೂಗ್ದೆ. ಅವಳ ಗೆಜ್ಜೆ ಕೊಟ್ಬುಟ್ನಲ್ಲ, ಮುನ್ಕಂಡು ಇಷ್ಟು ಜನ್ರನ್ನೂ ಒಯ್ತಾವ್ಳೆ, ಬುಡವ್ವ ಬುಡವ್ವ ಅಂದೆ. ಕೆಂಚಯ್ಯ ಅಂದದ್ದು ಆಮ್ಯಾಕೆ. ಮೊದ್ಲು ಅಂದ್ಕಂಡೋಳು ನಾನೇ.

ಎರಡು ತಿಂಗ್ಳು ದೀಪ ಅಚ್ಚಿ ದಿನಾ ಅವಳ್ನ ಕೇಳ್ತಿದ್ದೆ, ಯಾಕವ್ವ ನಿಂಗೆ ಇಷ್ಟು ಸಿಟ್ಟು ಅಂತ.

ಈಗ ಗೆಜ್ಜೆ ನನ್ ಕೈಲೇ ಅದೆ. ನೀವು ಆಕ್ಲೇ ಇಲ್ಲ. ಅಂದ್ರೆ ಅವಳು ಮುನ್ಕಂಡಿರ್ನಿಲ್ಲ, ಅಲ್ವಾ ಸಾ? ಒಂದ್ ದಿನಾನೂ ಮುನ್ಕಂಡಿರ್ನಿಲ್ಲ.

ನಾಳಿಕ್ಕೆ ಸೊಪ್ಪು ಕೊಯ್ಯಕ್ಕೆ ಓಯ್ತೀನಿ.

ಚಿಕ್ಕನಿಂಗಮ್ಮನ ಹೆಬ್ಬೆಟ್ಟು